ಅರೇಬಿಕ್ ಓದಲು ಬರುತ್ತದೆ, ಮುಂದೇನು? ವಿದೇಶಿ ಫೆಲೋಶಿಪ್‌ಗೆ ಅರ್ಜಿ ಹಾಕುವುದು ಹೇಗೆ

ಮೂರು ವರ್ಷ ಅರೇಬಿಕ್ ಕಲಿತಿದ್ದೀರಿ. ನಿಘಂಟು ಪಕ್ಕದಲ್ಲಿದ್ದರೆ ಪತ್ರಿಕೆಯ ಸುದ್ದಿ ಓದುತ್ತೀರಿ. ವ್ಯಾಕರಣ ಕೇಳಿದರೆ ಥಟ್ಟನೆ ಹೇಳುತ್ತೀರಿ. ಆದರೆ ಕೈರೋದ ಟ್ಯಾಕ್ಸಿ ಡ್ರೈವರ್ ಮಾತಾಡುವ ಒಂದು ವಿಡಿಯೋ ಹಾಕಿದರೆ ಒಂದು ಪದವೂ ಕಿವಿಗೆ ಹತ್ತುವುದಿಲ್ಲ. ಇಲ್ಲಿ ಸಿಕ್ಕಿಬಿದ್ದವರು ನೀವೊಬ್ಬರೇ ಅಲ್ಲ, ಹೆಚ್ಚುಕಡಿಮೆ ಎಲ್ಲರೂ ಇಲ್ಲೇ ಸಿಕ್ಕಿಬೀಳುತ್ತಾರೆ.

ಕಾರಣ ಸುಲಭದ ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅರೇಬಿಕ್‌ಗೆ 88 ವಾರ, ಅಂದರೆ 2200 ಗಂಟೆಗಳ ತರಗತಿ ಬೇಕು ಎನ್ನುತ್ತದೆ. ಕಾಲೇಜಿನಲ್ಲಿ ವಾರಕ್ಕೆ 5 ಗಂಟೆ, ವರ್ಷಕ್ಕೆ 30 ವಾರ ಎಂದು ಹಿಡಿದರೂ ಮೂರು ವರ್ಷಕ್ಕೆ ಆಗುವುದು 450 ಗಂಟೆ. ಅದೇ ವಾರಕ್ಕೆ 20 ಗಂಟೆಯಂತೆ 40 ವಾರ ಕಲಿತರೆ ಒಂದೇ ವರ್ಷದಲ್ಲಿ 800 ಗಂಟೆ. ಬೀದಿ, ಬಸ್ಸು, ಮನೆ ಮಾಲೀಕರ ಜೊತೆಗಿನ ಜಗಳ ಎಲ್ಲ ಬೋನಸ್. ಅದಕ್ಕೇ ಈ ಹಂತದಲ್ಲಿ ಅರಬ್ ದೇಶದಲ್ಲಿ ಒಂದು ವರ್ಷ ಇರುವುದಕ್ಕೆ ಅಷ್ಟು ಬೆಲೆ. ಅದರ ಖರ್ಚು ಬೇರೆಯವರು ಕೊಡುವಂತೆ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹಂತ 1: ಮೊದಲು ತೂತು ಎಲ್ಲಿದೆ ಎಂದು ನೋಡಿ

ಬಹಳ ಜನ ಮೊದಲು ಫೆಲೋಶಿಪ್‌ಗಳ ಪಟ್ಟಿ ಹುಡುಕುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ ದಾರಿ. ಮೊದಲು ನಿಮ್ಮ ಅರೇಬಿಕ್ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗಬೇಕು. ಯಾವ ದೇಶ, ಯಾವ ಕೋರ್ಸು, ಪ್ರಬಂಧದಲ್ಲಿ ಏನು ಬರೆಯಬೇಕು ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಯಾವುದಾದರೂ ಅರೇಬಿಕ್ ಪತ್ರಿಕೆಯ ಸಂಪಾದಕೀಯದಿಂದ ಹತ್ತು ಸಾಲು ಓದಿ. ಪತ್ರಿಕೆಯಲ್ಲಿ ಹ್ರಸ್ವ ಸ್ವರಗಳ ಗುರುತು ಇರುವುದಿಲ್ಲ. ಕ-ತ-ಬ ಎಂಬ ಮೂರು ಅಕ್ಷರ ಕಂಡರೆ ಅದು ‘ಕತಬ’ (ಬರೆದನು) ಆಗಿರಬಹುದು, ‘ಕುತಿಬ’ (ಬರೆಯಲಾಯಿತು) ಆಗಿರಬಹುದು, ‘ಕುತುಬ್’ (ಪುಸ್ತಕಗಳು) ಆಗಿರಬಹುದು. ವಾಕ್ಯ ನೋಡಿ ಸರಿಯಾದದ್ದನ್ನು ಆರಿಸಲು ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ? ಆಮೇಲೆ ಪತ್ರಿಕೆ ಮುಚ್ಚಿಟ್ಟು, ಓದಿದ್ದನ್ನು ಎರಡು ನಿಮಿಷ ಅರೇಬಿಕ್‌ನಲ್ಲೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಳ್ಳುವಾಗ ನಾಚಿಕೆಯಾಗುತ್ತದೆ, ಪರವಾಗಿಲ್ಲ. ಎಲ್ಲೆಲ್ಲಿ ತಡವರಿಸಿದಿರೋ ಅಲ್ಲೆಲ್ಲ ಒಂದು ಗೀಟು ಹಾಕಿಕೊಳ್ಳಿ.

‘ಅಡ್ವಾನ್ಸ್ಡ್’ ಎಂಬ ಪದಕ್ಕೂ ಒಂದು ನಿರ್ದಿಷ್ಟ ಅರ್ಥವಿದೆ. ಅಮೆರಿಕದ ಆಕ್ಟ್‌ಫುಲ್ ಅಳತೆಯಲ್ಲಿ ನೊವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್, ಸುಪೀರಿಯರ್, ಡಿಸ್ಟಿಂಗ್ವಿಶ್ಡ್ ಎಂದು ಐದು ಮೆಟ್ಟಿಲು. ಮೊದಲ ಮೂರರಲ್ಲಿ ಲೋ, ಮಿಡ್, ಹೈ ಎಂಬ ಒಳಮೆಟ್ಟಿಲುಗಳಿವೆ. ಬಿಡಿ ಬಿಡಿ ವಾಕ್ಯಗಳಲ್ಲಿ ಮಾತಾಡಿದರೆ ಇಂಟರ್‌ಮೀಡಿಯೆಟ್. ನಿನ್ನೆ ನಡೆದದ್ದು, ಇಂದು ನಡೆಯುತ್ತಿರುವುದು, ನಾಳೆ ಆಗುವುದು ಮೂರನ್ನೂ ಒಂದಕ್ಕೊಂದು ಹೊಂದಿಸಿ ಪೂರ್ತಿ ಕಥೆಯಂತೆ ಹೇಳಿದರೆ ಅಡ್ವಾನ್ಸ್ಡ್. ಒಂದು ಅಭಿಪ್ರಾಯ ಹಿಡಿದು ವಾದ ಮಾಡಿ ಸಮರ್ಥಿಸಿಕೊಂಡರೆ ಸುಪೀರಿಯರ್. ಯುರೋಪಿನವರು ಎ1ರಿಂದ ಸಿ2ವರೆಗಿನ ಅಳತೆ ಬಳಸುತ್ತಾರೆ. ಅರ್ಜಿಯಲ್ಲಿ ಯಾವ ಅಳತೆ ಕೇಳಿದ್ದಾರೋ ಅದರಲ್ಲೇ ಉತ್ತರ ಕೊಡಿ. ಮಟ್ಟವನ್ನು ಏರಿಸಿ ಮಾತ್ರ ಹೇಳಬೇಡಿ. ಪರೀಕ್ಷೆಯಲ್ಲಿ ಹೇಗೂ ಗೊತ್ತಾಗುತ್ತದೆ.

ಹಂತ 2: ನಿಮಗೆ ತೆರೆದಿರುವ ಬಾಗಿಲು ಯಾವುದು?

ಇಲ್ಲಿ ಮೊದಲ ಪ್ರಶ್ನೆ ಅರೇಬಿಕ್‌ನದ್ದಲ್ಲ, ಪಾಸ್‌ಪೋರ್ಟಿನದ್ದು. ಅರ್ಹತೆಯ ಪುಟದಲ್ಲಿ ಪೌರತ್ವದ ಸಾಲನ್ನು ಮೊದಲು ಓದಿ. ಎಷ್ಟೋ ಜನ ಪ್ರಬಂಧವನ್ನೆಲ್ಲ ಬರೆದು ಮುಗಿಸಿದ ಮೇಲೆ ಆ ಸಾಲು ನೋಡುತ್ತಾರೆ.

ಅಮೆರಿಕದ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಈ ಕ್ಷೇತ್ರದ ದೊಡ್ಡ ಹೆಸರು ಸೆಂಟರ್ ಫಾರ್ ಅರೇಬಿಕ್ ಸ್ಟಡಿ ಅಬ್ರಾಡ್. ಎಲ್ಲರೂ ಕರೆಯುವುದು ‘ಕಾಸಾ’ ಎಂದು. 1967ರಲ್ಲಿ ಕೈರೋದ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಶುರುವಾಯಿತು. ಈಗ ಜೋರ್ಡಾನ್‌ನ ಅಮ್ಮಾನ್‌ನಲ್ಲಿರುವ ಕಾಸಿದ್ ಇನ್‌ಸ್ಟಿಟ್ಯೂಟ್‌ನಲ್ಲೂ ಅದರ ಕಾರ್ಯಕ್ರಮ ನಡೆಯುತ್ತದೆ. ಇದು ಪೂರ್ತಿ ಒಂದು ವರ್ಷದ ಕಠಿಣ ಕೋರ್ಸು. ಭಾಷೆ ಈಗಾಗಲೇ ಸಾಕಷ್ಟು ಬರುವವರಿಗೆ ಮಾತ್ರ. ಬರಹದ ಅರೇಬಿಕ್ ಜೊತೆಗೆ ಆಯಾ ಊರಿನ ಆಡುಮಾತನ್ನೂ ಕಲಿಸುತ್ತಾರೆ. ‘ಗಂಭೀರವಾಗಿ ಅರೇಬಿಕ್ ಸಂಶೋಧನೆ ಮಾಡಬೇಕು’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಬೋರೆನ್ ಸ್ಕಾಲರ್‌ಶಿಪ್ ಪದವಿ ವಿದ್ಯಾರ್ಥಿಗಳಿಗೆ, ಬೋರೆನ್ ಫೆಲೋಶಿಪ್ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ. ಎರಡೂ ಅಮೆರಿಕದ ಪೌರರಿಗೆ ಮಾತ್ರ. 1991ರ ರಾಷ್ಟ್ರೀಯ ಭದ್ರತಾ ಶಿಕ್ಷಣ ಕಾಯ್ದೆಯಿಂದ ಹುಟ್ಟಿದ ಯೋಜನೆ ಇದು. ಹಣ ಚೆನ್ನಾಗಿಯೇ ಕೊಡುತ್ತಾರೆ, ಆದರೆ ಒಂದು ಷರತ್ತು: ಓದು ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಅಮೆರಿಕದ ಫೆಡರಲ್ ಸರ್ಕಾರದಲ್ಲಿ, ರಾಷ್ಟ್ರೀಯ ಭದ್ರತೆಗೆ ಸಂಬಂಧಪಟ್ಟ ಹುದ್ದೆಯಲ್ಲಿ ಕೆಲಸ ಮಾಡಬೇಕು. ಸರ್ಕಾರಿ ಕೆಲಸವೇ ನಿಮ್ಮ ಗುರಿಯಾದರೆ ಇದು ಹಬ್ಬ. ಮುಂದೆ ಅರಬ್ ದೇಶಗಳಲ್ಲಿ ಸಂದರ್ಶನ ಮಾಡುತ್ತಾ ಸಂಶೋಧನೆ ನಡೆಸುವವರಾದರೆ ಎರಡು ಸಲ ಯೋಚಿಸಿ. ಹಣ ಎಲ್ಲಿಂದ ಬಂತು ಎಂದು ಎದುರಿಗಿರುವವರು ಕೇಳಿಯೇ ಕೇಳುತ್ತಾರೆ.

ಕ್ರಿಟಿಕಲ್ ಲ್ಯಾಂಗ್ವೇಜ್ ಸ್ಕಾಲರ್‌ಶಿಪ್ 2006ರಲ್ಲಿ ಶುರುವಾದ ಬೇಸಿಗೆ ಕಾರ್ಯಕ್ರಮ, ಎಂಟರಿಂದ ಹತ್ತು ವಾರ. ಲ್ಯಾಂಗ್ವೇಜ್ ಫ್ಲ್ಯಾಗ್‌ಶಿಪ್ ಎಂಬುದು ಪದವಿ ಓದಿನ ಜೊತೆಗೇ ಸಾಗುವ ಯೋಜನೆ, ಅದರ ಕೊನೆಯ ವರ್ಷ ಮೊರಾಕ್ಕೊದ ಮೆಕ್ನೆಸ್‌ನಲ್ಲಿ. ಫುಲ್‌ಬ್ರೈಟ್‌ನಲ್ಲಿ ಸಂಶೋಧನೆಯೋ ಬೋಧನೆಯೋ ಮುಖ್ಯ, ಭಾಷೆ ಅದಕ್ಕೆ ಜೊತೆ. ಇವೆಲ್ಲ ಸರ್ಕಾರಿ ದುಡ್ಡಿನಲ್ಲಿ ನಡೆಯುವವು. ಬಜೆಟ್ ಬದಲಾದರೆ ಇವೂ ಬದಲಾಗುತ್ತವೆ. ಹೋದ ವರ್ಷ ಇತ್ತು ಎಂದು ಈ ವರ್ಷವೂ ಇದೆ ಎಂದುಕೊಳ್ಳಬೇಡಿ.

ಅಮೆರಿಕದ ಪಾಸ್‌ಪೋರ್ಟ್ ಇಲ್ಲದವರು ಇಲ್ಲಿಗೇ ನಿರಾಶರಾಗಬೇಕಿಲ್ಲ. ಅರಬ್ ದೇಶಗಳೇ ಕೊಡುವ ಸ್ಕಾಲರ್‌ಶಿಪ್‌ಗಳಿವೆ, ಅವಕ್ಕೆ ಬೇರೆ ಬೇರೆ ದೇಶದವರು ಅರ್ಜಿ ಹಾಕಬಹುದು. ಕತಾರ್ ಯೂನಿವರ್ಸಿಟಿಯಲ್ಲಿ ಅರೇಬಿಕ್ ಮಾತೃಭಾಷೆಯಲ್ಲದವರಿಗಾಗಿಯೇ ಒಂದು ಕಾರ್ಯಕ್ರಮವಿದೆ. ರಿಯಾದ್‌ನ ಕಿಂಗ್ ಸೌದ್ ಯೂನಿವರ್ಸಿಟಿ, ಮದೀನಾದ ಇಸ್ಲಾಮಿಕ್ ಯೂನಿವರ್ಸಿಟಿ, ಮೆಕ್ಕಾದ ಉಮ್ಮ್ ಅಲ್-ಕುರಾ ಇವುಗಳಲ್ಲೂ ಭಾಷಾ ಸಂಸ್ಥೆಗಳಿವೆ. ಒಮಾನ್‌ನ ಮನಹ್ ಊರಿನಲ್ಲಿ ಸುಲ್ತಾನ್ ಕಾಬೂಸ್ ಹೆಸರಿನ ಅರೇಬಿಕ್ ಕಾಲೇಜಿದೆ. ಟ್ಯುನಿಸ್‌ನ ಬೂರ್ಗೀಬಾ ಭಾಷಾ ಸಂಸ್ಥೆಯ ಬೇಸಿಗೆ ಕೋರ್ಸಿಗೆ ದುಡ್ಡು ಕೊಟ್ಟು ಸೇರುವವರೇ ಜಾಸ್ತಿ. ಒಂದು ವಿಷಯ ಗಮನಿಸಿ: ಈ ಸಂಸ್ಥೆಗಳಲ್ಲಿ ಆರಂಭದ ಮಟ್ಟದವರಿಗೂ ಜಾಗವಿರುತ್ತದೆ. ನಿಮ್ಮ ಮಟ್ಟದ ತರಗತಿ ಆ ವರ್ಷ ನಿಜಕ್ಕೂ ನಡೆಯುತ್ತದೆಯೇ ಎಂದು ಮೇಲ್ ಹಾಕಿ ಕೇಳಿ. ಮೇಲ್ ಅರೇಬಿಕ್‌ನಲ್ಲೇ ಇರಲಿ.

ನಿಮ್ಮ ದೇಶಕ್ಕೂ ಆ ಅರಬ್ ದೇಶಕ್ಕೂ ಸಾಂಸ್ಕೃತಿಕ ವಿನಿಮಯ ಒಪ್ಪಂದ ಇದೆಯೇ ಎಂದು ಶಿಕ್ಷಣ ಇಲಾಖೆಯಲ್ಲೂ ರಾಯಭಾರ ಕಚೇರಿಯಲ್ಲೂ ವಿಚಾರಿಸಿ. ಇಂಥ ಸೀಟುಗಳಿಗೆ ಪ್ರಚಾರ ಕಡಿಮೆ, ಪೈಪೋಟಿಯೂ ಕಡಿಮೆ.

ಹಂತ 3: ಊರು ಆರಿಸುವುದೆಂದರೆ ಆಡುಮಾತು ಆರಿಸುವುದು

ಬರಹದ ಅರೇಬಿಕ್‌ಗೆ ಫುಸ್ಹಾ ಎನ್ನುತ್ತಾರೆ. ಅದು ಎಲ್ಲ ದೇಶಕ್ಕೂ ಒಂದೇ. ಆಡುಮಾತು ಆಮ್ಮಿಯ್ಯಾ, ಅದು ಊರಿಗೊಂದು. ನಮ್ಮ ಬರಹದ ಕನ್ನಡಕ್ಕೂ ಮನೆಮಾತಿಗೂ ಇರುವ ಅಂತರ ನೆನಪಿಸಿಕೊಳ್ಳಿ, ಆಮೇಲೆ ಅದನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿ. ಗಂಡಸೊಬ್ಬರನ್ನು ‘ಏನು ಬೇಕು?’ ಎಂದು ಕೇಳಬೇಕು ಅಂದುಕೊಳ್ಳಿ. ಫುಸ್ಹಾದಲ್ಲಿ ‘ಮಾದಾ ತುರೀದ್’. ಕೈರೋದಲ್ಲಿ ‘ಆಯಿಜ಼್ ಏ’. ಅಮ್ಮಾನ್‌ನಲ್ಲಿ ‘ಶೂ ಬಿದ್ದಕ್’. ಮೊರಾಕ್ಕೊದಲ್ಲಿ ‘ಶ್ನೂ ಬ್ಗೀತಿ’. ನಾಲ್ಕರಲ್ಲಿ ಯಾವುದಾದರೂ ಎರಡು ಒಂದರಂತೆ ಒಂದು ಕೇಳಿಸಿತಾ?

ಈಜಿಪ್ಟಿನ ಮಾತು ಸಿನಿಮಾ, ಧಾರಾವಾಹಿಗಳಿಂದ ಎಲ್ಲ ಅರಬ್ ದೇಶಗಳಿಗೂ ಪರಿಚಿತ. ಯಾವುದು ಕಲಿಯಬೇಕೆಂದೇ ಗೊತ್ತಿಲ್ಲದಿದ್ದರೆ ಕೈರೋ ಒಳ್ಳೆಯ ಆಯ್ಕೆ. ಗದ್ದಲದ ಊರು, ಸುಮ್ನೆ ಕೂತರೂ ಯಾರೋ ಮಾತಿಗೆಳೆಯುತ್ತಾರೆ. ಅಮ್ಮಾನ್ ಶಾಂತ. ಅಲ್ಲಿಯ ಮಾತು ಕಲಿತರೆ ಸಿರಿಯಾ, ಲೆಬನಾನ್, ಪ್ಯಾಲೆಸ್ತೀನ್‌ನವರ ಮಾತೂ ಹಿಡಿಯುತ್ತದೆ. ಮೊರಾಕ್ಕೊದ ದಾರಿಜಾ ಬೇರೆ ಅರಬರಿಗೇ ಕಷ್ಟ. ಅಲ್ಲಿ ವಿದೇಶಿ ಮುಖ ಕಂಡರೆ ಫ್ರೆಂಚ್‌ನಲ್ಲಿ ಮಾತು ಶುರುವಾಗುವುದೂ ಉಂಟು. ಉತ್ತರ ಆಫ್ರಿಕಾವೇ ನಿಮ್ಮ ವಿಷಯವಾದರೆ ಹೋಗಲೇಬೇಕು, ಇಲ್ಲವಾದರೆ ಒಮ್ಮೆ ಯೋಚಿಸಿ.

ಗಲ್ಫ್ ಬಗ್ಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಅಲ್ಲಿ ಸ್ಕಾಲರ್‌ಶಿಪ್ ಧಾರಾಳ, ಸೌಕರ್ಯ ಚೆನ್ನ. ಆದರೆ ದೋಹಾದಂಥ ಊರಿನಲ್ಲಿ ಇರುವವರಲ್ಲಿ ಹೆಚ್ಚಿನವರು ಹೊರದೇಶದವರು. ಅಂಗಡಿ, ಟ್ಯಾಕ್ಸಿ, ಹೋಟೆಲ್ ಎಲ್ಲ ಕಡೆ ಇಂಗ್ಲಿಷ್, ಹಿಂದಿ, ಮಲಯಾಳಂ ನಡೆಯುತ್ತದೆ. ತರಗತಿಯ ಹೊರಗೆ ಅರೇಬಿಕ್ ಬೇಕೆಂದರೆ ನೀವೇ ಹುಡುಕಿಕೊಂಡು ಹೋಗಬೇಕು. ಓದು, ಬರಹ, ಶಾಸ್ತ್ರಗ್ರಂಥ ನಿಮ್ಮ ಗುರಿಯಾದರೆ ಇದೇನೂ ತೊಂದರೆಯಲ್ಲ. ಮಾತು ಹಿಡಿಯಬೇಕೆಂದು ಹೊರಟವರಿಗೆ ತೊಂದರೆ.

ಪರಿಸ್ಥಿತಿಯೂ ಬದಲಾಗುತ್ತಿರುತ್ತದೆ. 2011ಕ್ಕೆ ಮೊದಲು ದಮಾಸ್ಕಸ್ ಅರೇಬಿಕ್ ಕಲಿಯುವವರ ಅಚ್ಚುಮೆಚ್ಚಿನ ಊರಾಗಿತ್ತು. ಯುದ್ಧ ಶುರುವಾದ ಮೇಲೆ ಎಲ್ಲರೂ ಬೇರೆ ಕಡೆಗೆ ಹೋದರು. ಹಾಗಾಗಿ ಎರಡನೇ ಊರೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅರ್ಜಿ ಹಾಕಿ.

ಹಂತ 4: ಕ್ಯಾಲೆಂಡರ್ ಹಿಂದಿನಿಂದ ಮುಂದಕ್ಕೆ

ಜೂನ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಹೊರಡಬೇಕೆಂದರೆ ತಯಾರಿ ಹಿಂದಿನ ವರ್ಷದ ಬೇಸಿಗೆಯಲ್ಲೇ ಶುರುವಾಗಬೇಕು. ಅಮೆರಿಕದವರ ಫುಲ್‌ಬ್ರೈಟ್ ಅಕ್ಟೋಬರ್‌ನಲ್ಲೇ ಮುಚ್ಚುತ್ತದೆ. ಕ್ರಿಟಿಕಲ್ ಲ್ಯಾಂಗ್ವೇಜ್ ನವೆಂಬರ್ ಹೊತ್ತಿಗೆ. ಬೋರೆನ್ ಜನವರಿ ಕೊನೆಗೆ. ಅನೇಕ ಕಾಲೇಜುಗಳು ಇದಕ್ಕಿಂತ ಮೊದಲೇ ತಮ್ಮದೇ ಒಂದು ಕೊನೆಯ ದಿನ ಇಟ್ಟಿರುತ್ತವೆ, ಅದು ತಪ್ಪಿದರೆ ಮುಂದಿನದ್ದಕ್ಕೆ ಅರ್ಥವೇ ಇಲ್ಲ. ಫಲಿತಾಂಶ ಬರುವುದು ಸಾಮಾನ್ಯವಾಗಿ ಮಾರ್ಚ್‌ನಿಂದ ಮೇವರೆಗೆ.

ಶಿಫಾರಸು ಪತ್ರಕ್ಕೆ ಕನಿಷ್ಠ ಆರು ವಾರ ಮೊದಲು ಕೇಳಿ. ಕೇಳುವಾಗ ಬರಿಗೈಲಿ ಹೋಗಬೇಡಿ. ನಿಮ್ಮ ಪ್ರಬಂಧದ ಕರಡು, ಅಂಕಪಟ್ಟಿ, ಅವರ ತರಗತಿಯಲ್ಲಿ ನೀವು ಮಾಡಿದ ಒಂದು ಕೆಲಸ, ಕೊನೆಯ ದಿನಾಂಕ ಎಲ್ಲ ಒಂದೇ ಮೇಲ್‌ನಲ್ಲಿ ಕಳಿಸಿ. ಒಂದು ಪತ್ರವಾದರೂ ನಿಮ್ಮ ಅರೇಬಿಕ್ ಅನ್ನು ಕಣ್ಣಾರೆ ಕಂಡ ಶಿಕ್ಷಕರದ್ದಾಗಿರಲಿ. ಹೆಸರಾಂತ ಪ್ರೊಫೆಸರ್ ಬರೆದ ನಾಲ್ಕು ಸಾಲಿಗಿಂತ, ನಿಮ್ಮ ತಪ್ಪುಗಳನ್ನು ತಿದ್ದಿದವರು ಬರೆದ ಒಂದು ಪುಟ ಮೇಲು.

ಹಂತ 5: ಪ್ರಬಂಧ

ಅರ್ಜಿ ಗೆಲ್ಲುವುದೂ ಸೋಲುವುದೂ ಬಹುಪಾಲು ಇಲ್ಲೇ. ನಾನು ಮೊದಲ ಸಲ ಒಂದು ಫೆಲೋಶಿಪ್‌ಗೆ ಬರೆದ ಪ್ರಬಂಧ ಹೀಗೆ ಶುರುವಾಗುತ್ತಿತ್ತು: ‘ಚಿಕ್ಕಂದಿನಿಂದಲೂ ಅರಬ್ ಸಂಸ್ಕೃತಿ ನನ್ನನ್ನು ಸೆಳೆದಿದೆ.’ ತಿರಸ್ಕಾರವಾಯಿತು. ಆಗ ಬೇಜಾರಾಯಿತು, ಈಗ ಓದಿದರೆ ನಾನೇ ತಿರಸ್ಕರಿಸುತ್ತಿದ್ದೆ. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ?

ಇದನ್ನು ಓದಿ: ‘ನಾನು 1920ರ ದಶಕದ ಈಜಿಪ್ಟಿನ ಮಹಿಳಾ ಪತ್ರಿಕೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಅಚ್ಚಾದ ಪುಟ ಓದಬಲ್ಲೆ. ಸಂಪಾದಕರಿಗೆ ಬಂದ ಕೈಬರಹದ ಪತ್ರಗಳನ್ನು ಓದಲಾರೆ, ಏಕೆಂದರೆ ಅವು ರುಕ್ಅ ಶೈಲಿಯ ಬರವಣಿಗೆಯಲ್ಲಿವೆ. ಆ ಪತ್ರಿಕೆಗಳಿಗಾಗಿ ಕೈರೋದ ದಾರ್ ಅಲ್-ಕುತುಬ್ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲಸ ಮಾಡಬೇಕು, ಅಲ್ಲಿನ ಸಿಬ್ಬಂದಿಯ ಜೊತೆ ಆಡುಮಾತಿನಲ್ಲಿ ವ್ಯವಹರಿಸಬೇಕು. ಈ ಎರಡೂ ನನಗೆ ಈಗ ಬರುವುದಿಲ್ಲ.’

ಏನು ಬರುತ್ತದೆ, ಏನು ಬರುವುದಿಲ್ಲ, ಬಂದರೆ ಏನು ಮಾಡುತ್ತಾರೆ, ಇದೇ ಊರು ಏಕೆ ಎಂಬ ನಾಲ್ಕೂ ವಿಷಯ ಐದು ವಾಕ್ಯಗಳಲ್ಲಿ ಬಂದವು. ಮೊದಲ ಹಂತದಲ್ಲಿ ಹಾಕಿಕೊಂಡ ಗೀಟುಗಳು ಕೆಲಸಕ್ಕೆ ಬರುವುದು ಇಲ್ಲಿ. ಕೊರತೆ ಹೇಳಿಕೊಂಡರೆ ಸೀಟು ಸಿಗುವುದಿಲ್ಲ ಎಂದು ಹೆದರಬೇಡಿ. ಕೊರತೆಯೇ ಇಲ್ಲದವರಿಗೆ ಫೆಲೋಶಿಪ್ ಏಕೆ ಕೊಡಬೇಕು?

ಸಂಶೋಧಕರಲ್ಲದವರೂ ಹೀಗೆಯೇ ಬರೆಯಬಹುದು. ನರ್ಸ್, ವಕೀಲ, ಅನುವಾದಕ, ಪತ್ರಕರ್ತ ಯಾರೇ ಆಗಲಿ, ಅರೇಬಿಕ್ ಸಾಲದೆ ಕೆಲಸ ನಿಂತುಹೋದ ಒಂದು ಸಂದರ್ಭ ಬರೆಯಿರಿ. ಒಂದೇ ಸಾಕು.

ಅರೇಬಿಕ್‌ನಲ್ಲೂ ಒಂದು ಪ್ರಬಂಧ ಕೇಳಿದರೆ ಅದನ್ನು ನೀವೇ ಬರೆಯಿರಿ. ಯಂತ್ರಾನುವಾದ ಮಾಡಿದ ನಯವಾದ ಅರೇಬಿಕ್ ಮತ್ತು ಫೋನಿನಲ್ಲಿ ತಡವರಿಸುವ ಅರೇಬಿಕ್ ಒಂದೇ ಫೈಲಿನಲ್ಲಿ ಸೇರಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಹಂತ 6: ಲಿಖಿತ ಪರೀಕ್ಷೆ, ಸಂದರ್ಶನ

ಲಿಖಿತ ಪರೀಕ್ಷೆಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವುದು, ಓದುವುದು, ವ್ಯಾಕರಣ, ಬರವಣಿಗೆ ಇರುತ್ತವೆ. ಮುಂದುವರಿದ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದು ದೊಡ್ಡ ವಿಷಯಗಳಲ್ಲಲ್ಲ, ಹಳೆಯ ಸಣ್ಣ ವಿಷಯಗಳಲ್ಲಿ. ಹಮ್ಜ಼ಾ ಎಂಬ ಗುರುತು ಯಾವ ಅಕ್ಷರದ ಮೇಲೆ ಕೂರಬೇಕು ಎಂಬುದು ಒಂದು. ಸಂಖ್ಯೆ ಇನ್ನೊಂದು. ಮೂರರಿಂದ ಹತ್ತರವರೆಗಿನ ಸಂಖ್ಯೆಗಳು ಲಿಂಗವನ್ನು ತಲೆಕೆಳಗು ಮಾಡುತ್ತವೆ. ಕಿತಾಬ್ ಪುಲ್ಲಿಂಗ, ಆದರೆ ಐದು ಪುಸ್ತಕ ಎನ್ನುವಾಗ ಸ್ತ್ರೀಲಿಂಗದಂತೆ ಕಾಣುವ ‘ಖಮ್ಸತು ಕುತುಬ್’. ಸಯ್ಯಾರಾ, ಅಂದರೆ ಕಾರು, ಸ್ತ್ರೀಲಿಂಗ. ಐದು ಕಾರಿಗೆ ‘ಖಮ್ಸು ಸಯ್ಯಾರಾತ್’. ಮೊದಲ ವರ್ಷ ಕಲಿತು ಮರೆತ ಇಂಥವನ್ನು ಒಂದು ವಾರ ಕೂತು ತಿರುವಿಹಾಕಿ. ದಿನಕ್ಕೆ ಒಂದು ಸುದ್ದಿ ಬುಲೆಟಿನ್ ಮೂರು ಸಲ ಕೇಳಿ: ಮೊದಲು ಸುಮ್ನೆ, ಎರಡನೇ ಸಲ ಬರೆದುಕೊಳ್ಳುತ್ತಾ, ಮೂರನೇ ಸಲ ಬರೆದದ್ದನ್ನು ತಿದ್ದುತ್ತಾ. ಮೂರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಸಂದರ್ಶನ ಸಾಮಾನ್ಯವಾಗಿ ಫೋನ್ ಅಥವಾ ವಿಡಿಯೋದಲ್ಲಿ. ಕೇಳುವವರು ಪ್ರಶ್ನೆಯನ್ನು ಮೆಲ್ಲಗೆ ಮೇಲೇರಿಸುತ್ತಾ ಹೋಗುತ್ತಾರೆ. ಮನೆಯ ಬಗ್ಗೆ ಶುರುವಾಗಿ, ನಗರದ ಸಾರಿಗೆಗೆ ಬಂದು, ಶಿಕ್ಷಣ ನೀತಿಗೆ ಹೋಗುತ್ತದೆ. ಒಂದು ಹಂತದಲ್ಲಿ ನೀವು ಸಿಕ್ಕಿಹಾಕಿಕೊಳ್ಳಲೇಬೇಕು. ನಿಮ್ಮ ಮಟ್ಟ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದೇ ಅವರ ಉದ್ದೇಶ. ಆಗ ಗಾಬರಿಯಾಗಿ ಇಂಗ್ಲಿಷ್‌ಗೆ ಹಾರಬೇಡಿ, ಸುತ್ತಿ ಬಳಸಿ ಹೇಳಿ. ಹಣದುಬ್ಬರಕ್ಕೆ ‘ತದಖ್ಖುಮ್’ ಎಂಬ ಪದ ನೆನಪಾಗದಿದ್ದರೆ ‘ಇರ್ತಿಫಾಅ್ ಅಲ್-ಅಸ್ಆರ್’, ಅಂದರೆ ಬೆಲೆ ಏರಿಕೆ, ಎಂದರಾಯಿತು. ಬಾಯಿಪಾಠ ಮಾಡಿದ ಭಾಷಣ ಮಾತ್ರ ಬೇಡ. ಎರಡನೇ ವಾಕ್ಯಕ್ಕೇ ತಡೆದು ಬೇರೆ ಪ್ರಶ್ನೆ ಕೇಳುತ್ತಾರೆ.

ಹಂತ 7: ದುಡ್ಡಿನ ಲೆಕ್ಕ

‘ಫುಲ್ ಫಂಡೆಡ್’ ಎಂದು ಕಂಡಾಗ ಖುಷಿಪಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಬೋಧನಾ ಶುಲ್ಕ, ವಿಮಾನ, ವಸತಿ, ತಿಂಗಳ ಸ್ಟೈಪೆಂಡ್, ಆರೋಗ್ಯ ವಿಮೆ, ವೀಸಾ ಶುಲ್ಕ ಎಂದು ಬರೆದು ಯಾವುದಕ್ಕೆ ಅವರು ಕೊಡುತ್ತಾರೆ, ಯಾವುದಕ್ಕೆ ನೀವು ಎಂದು ಗುರುತು ಮಾಡಿ. ಹೆಚ್ಚಿನವರು ಮರೆಯುವುದು ಮೊದಲ ತಿಂಗಳನ್ನು. ಸ್ಟೈಪೆಂಡ್ ಕೈಗೆ ಬರುವ ಮೊದಲೇ ಮನೆ ಬಾಡಿಗೆ, ಅಡ್ವಾನ್ಸ್ ಎರಡನ್ನೂ ಕಟ್ಟಬೇಕಾಗಬಹುದು. ಅಮ್ಮಾನ್‌ನ ಚಳಿಗಾಲದ ಹೀಟರ್ ಖರ್ಚು ಇನ್ನೊಂದು. ಮರುಭೂಮಿ ದೇಶ ಎಂದು ತೆಳು ಬಟ್ಟೆ ತುಂಬಿಕೊಂಡು ಹೋದವರು ಜನವರಿಯಲ್ಲಿ ಕಂಬಳಿ ಹೊದ್ದು ಹೋಂವರ್ಕ್ ಮಾಡುತ್ತಾರೆ. ಸಂಗಾತಿ, ಮಕ್ಕಳು ಜೊತೆಗಿದ್ದರೆ ಅವರ ಖರ್ಚು ಮತ್ತು ವೀಸಾ ಬಗ್ಗೆ ಲಿಖಿತವಾಗಿಯೇ ಕೇಳಿ.

ಆಯ್ಕೆಯಾದ ಮೇಲೆ

ಪಾಸ್‌ಪೋರ್ಟ್ ಅವಧಿ, ವೈದ್ಯಕೀಯ ತಪಾಸಣೆ, ಪ್ರಮಾಣಪತ್ರಗಳ ದೃಢೀಕರಣ ಇವಕ್ಕೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ದಿನ ಬೇಕು, ಪತ್ರ ಬಂದ ವಾರವೇ ಶುರುಮಾಡಿ. ವಿದ್ಯಾರ್ಥಿ ವೀಸಾದಲ್ಲಿ ಹೋಗಿ, ಅನುಮತಿ ಇಲ್ಲದೆ ಬೀದಿಯಲ್ಲಿ ಜನರ ಸಂದರ್ಶನ ಮಾಡಬೇಡಿ, ಪೊಲೀಸ್ ಠಾಣೆ, ಸೇನೆಯ ಕಟ್ಟಡಗಳ ಫೋಟೋ ತೆಗೆಯಬೇಡಿ. ನಿಮ್ಮ ವಿಷಯ ರಾಜಕೀಯದ್ದಾದರೆ ಹೋಗುವ ಮೊದಲೇ ಕಾರ್ಯಕ್ರಮದವರ ಜೊತೆ ಮಾತಾಡಿ.

ಈಜಿಪ್ಟ್, ಜೋರ್ಡಾನ್‌ನಲ್ಲಿ ವಾರಾಂತ್ಯ ಶುಕ್ರವಾರ ಮತ್ತು ಶನಿವಾರ, ಭಾನುವಾರ ಬೆಳಿಗ್ಗೆ ತರಗತಿ. ರಂಜಾನ್ ತಿಂಗಳಲ್ಲಿ ಕಚೇರಿ ಸಮಯ ಕಡಿಮೆಯಾಗುತ್ತದೆ, ಊರು ಎಚ್ಚರವಾಗುವುದೇ ರಾತ್ರಿ. ಮಾತಾಡಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಹಲವು ಕಾರ್ಯಕ್ರಮಗಳಲ್ಲಿ ಅರೇಬಿಕ್ ಬಿಟ್ಟು ಬೇರೆ ಭಾಷೆ ಮಾತಾಡುವುದಿಲ್ಲ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಮೊದಲ ವಾರ ಸಹಪಾಠಿಗಳ ಜೊತೆ ತಮಾಷೆ ಮಾಡಲೂ ಆಗದೆ ಪೆದ್ದರಂತೆ ಕೂರುತ್ತೀರಿ, ಆಮೇಲೆ ಸರಿಹೋಗುತ್ತದೆ. ಕಷ್ಟ ಇರುವುದು ಹೊರಗೆ. ನೀವು ಅರೇಬಿಕ್‌ನಲ್ಲಿ ಕೇಳುತ್ತೀರಿ, ಅಂಗಡಿಯವನು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ. ನೀವು ಮತ್ತೆ ಅರೇಬಿಕ್‌ನಲ್ಲೇ ಕೇಳಿ. ಮೂರನೇ ಸಲಕ್ಕೆ ಅವನೂ ಅರೇಬಿಕ್‌ಗೆ ಬರುತ್ತಾನೆ. ಬರಲಿಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗಿ.